ಹಂಚುವವರ ಪಾಲು

ಅವರ ಕೋಟಿನ ತೋಳಿಗೆ ಯಾವಾಗಲೂ ಒಂದೆರಡು ಒಣಹುಲ್ಲಿನ ಎಳೆ ಅಂಟಿಕೊಂಡಿರುತ್ತಿತ್ತು. ಬೂದುಬಣ್ಣದ ಉಣ್ಣೆಯ ಕೋಟು, ಮೊಣಕೈ ಹತ್ತಿರ ಸವೆದು ಒಳಗಿನ ಬಟ್ಟೆ ಕಾಣುತ್ತಿತ್ತು. ಪರಿಚಯವಿಲ್ಲದವರು ನೋಡಿದರೆ ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕಿ ಹಾಗೇ ಎದ್ದು ಬಂದವರು ಅಂದುಕೊಳ್ಳಬೇಕು. ಅದು ಔಷಧದ ಪೆಟ್ಟಿಗೆಯೊಳಗೆ ಬಾಟಲಿಗಳು ಒಡೆಯದ ಹಾಗೆ ತುಂಬಿ ಕಳಿಸುತ್ತಿದ್ದ ಹುಲ್ಲು. ಪೆಟ್ಟಿಗೆ ಬಂದರೆ ಯಾರ ಕೈಗೂ ಕೊಡದೆ ತಾವೇ ಮುಚ್ಚಳ ಎಬ್ಬಿಸಿ, ಭುಜದವರೆಗೆ ಕೈ ಇಳಿಸಿ ಒಂದೊಂದೇ ಬಾಟಲಿ ಹೊರತೆಗೆಯುತ್ತಿದ್ದರು. ಆಗ ಅವರ ಮುಖದಲ್ಲಿ ಉತ್ಸಾಹವೇನೂ ಇರುತ್ತಿರಲಿಲ್ಲ. ಬಾವಿಯಿಂದ ದಿನದ ಕೊನೆಯ ಕೊಡ ಸೇದುವ ಹೆಂಗಸಿನ ಮುಖ ಇರುತ್ತದಲ್ಲ, ಹಾಗೆ.

ಅವರು ಕೊಡ್ಲಿಪೇಟೆಯ ಆಚೆ ಒಂದು ಸಣ್ಣ ಊರಿನ ಸರ್ಕಾರಿ ಆಸ್ಪತ್ರೆಯ ಡಾಕ್ಟರು. ಅದೇ ಸೀಮೆಯವರು, ಮಾತಿನಲ್ಲಿ ಹಾಸನದ ಕಡೆಯ ಎಳೆತ. ಹುದ್ದೆಯಲ್ಲಿ ನಮಗಿಂತ ಮೇಲಿನವರೇನಲ್ಲ, ವಯಸ್ಸಿನಲ್ಲಿ ದೊಡ್ಡವರು. ಸುತ್ತಲಿನ ಆಸ್ಪತ್ರೆ, ಡಿಸ್ಪೆನ್ಸರಿಗಳವರೆಲ್ಲ ಅವರನ್ನು ದೊಡ್ಡ ಡಾಕ್ಟರು ಎಂದೇ ಕರೆಯುತ್ತಿದ್ದೆವು.

ನಾನು ಮೈಸೂರಿನಲ್ಲಿ ಓದು ಮುಗಿಸಿ ಮೊದಲ ನೌಕರಿಗೆ ಮಾದಾಪುರದ ಕಡೆಗೆ ಬಂದಾಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ಎಸ್ಟೇಟುಗಳ ನಡುವೆ ಹೆಂಚಿನ ಮಾಡಿನ ಒಂದು ಡಿಸ್ಪೆನ್ಸರಿ. ನಾನು, ಒಬ್ಬ ಕಂಪೌಂಡರು, ಒಬ್ಬಳು ಆಯಾ. ಮೊದಲೆಲ್ಲ ಔಷಧ ಮುಗಿದರೆ ಮಡಿಕೇರಿಗೆ ಹೇಳಿ ಕಳಿಸಿದರೆ ಸಾಕಿತ್ತಂತೆ. ಈಗ ಬೇಡಿಕೆ ಬೆಂಗಳೂರಿಗೆ ಹೋಗಬೇಕು, ಅಲ್ಲಿಂದ ಬರುವಷ್ಟರಲ್ಲಿ ಮಳೆಗಾಲ ಕಳೆದು ಕಾಫಿ ಕೊಯ್ಲು ಶುರುವಾಗಿರುತ್ತಿತ್ತು. ತೀರಾ ಬೇಕಾದ್ದನ್ನು ನಾವೇ ಕೊಳ್ಳಬಹುದೆಂದು ಒಂದಿಷ್ಟು ಹಣ ಇರುತ್ತಿತ್ತು. ಪ್ರತಿಯೊಂದು ಡಿಸ್ಪೆನ್ಸರಿಯೂ ತನ್ನ ತನ್ನ ಚೂರುಪಾರು ಬೇಡಿಕೆಯನ್ನು ಮೈಸೂರಿನ ಔಷಧ ವ್ಯಾಪಾರಿಗೆ ಬೇರೆಬೇರೆಯಾಗಿ ಬರೆಯುತ್ತಿತ್ತು. ಅವನಿಗೆ ನಾವು ಲೆಕ್ಕಕ್ಕೇ ಇಲ್ಲದ ಗಿರಾಕಿಗಳು. ಹಳೆಯ ಮಾಲು, ತೇವ ಹಿಡಿದ ಹತ್ತಿ, ಒಂದಕ್ಕೊಂದು ಅಂಟಿಕೊಂಡ ಮಾತ್ರೆ ಎಲ್ಲ ಘಟ್ಟ ಹತ್ತಿ ನಮ್ಮ ಕಡೆಗೆ ಬರುತ್ತಿದ್ದವು.

ಒಂದು ಬೆಳಿಗ್ಗೆ ರೋಗಿಗಳು ಕೂರುವ ಬೆಂಚಿನ ತುದಿಯಲ್ಲಿ ಒಬ್ಬರು ಗೋಡೆಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದರು. ಸರದಿ ಬಂದಾಗ ಹತ್ತಿರ ಹೋಗಿ ಕೈ ಹಿಡಿದು ನಾಡಿ ನೋಡುತ್ತಾ, "ಎಷ್ಟು ದಿನದಿಂದ ಜ್ವರ?" ಎಂದು ಕೇಳಿದೆ.

ಅವರು ಕಣ್ಣು ಬಿಟ್ಟು, "ಜ್ವರ ಅಲ್ಲಮ್ಮ, ಬಸ್ಸು" ಎಂದರು. ಆಮೇಲೆ ತಾವು ಯಾರು ಎಂದು ಹೇಳಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರಿಗೆ ಅದು ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. ಕನ್ನಡಕ ತೆಗೆದು ಎರಡು ಬೆರಳಿನಿಂದ ಕಣ್ಣು ಒತ್ತಿಕೊಂಡು, "ನಿಮ್ಮಲ್ಲಿ ಏನು ಕಮ್ಮಿ ಇದೆ?" ಎಂದು ಕೇಳಿದರು.

"ಎಲ್ಲಾನೂ" ಎಂದೆ.

"ಎಲ್ಲಾ ಅಂದ್ರೆ ಏನೂ ಹೇಳ್ದಂಗಾಯ್ತು. ಒಂದು ಹೇಳಿ."

"ಹತ್ತಿ."

"ನಮ್ಮಲ್ಲೂ ಅದೇ. ಅದೇ ಮೈಸೂರಿನ ಅಂಗಡಿಯಿಂದ್ಲೇ ತರ್ಸೋದಾ?" ನಾನು ಹೌದೆಂದೆ. ನಾನು ಕೊಡುತ್ತಿದ್ದ ರೇಟು ಕೇಳಿ ತಲೆ ಅಲ್ಲಾಡಿಸಿದರು. ಅವರಿಗೆ ಒಂದು ರೇಟು, ನನಗೆ ಇನ್ನೊಂದು, ಕಕ್ಕಬೆಯ ಕಡೆಯ ಡಾಕ್ಟರಿಗೆ ಮತ್ತೂ ಒಂದು. "ಒಬ್ಬೊಬ್ರೇ ಕೇಳಿದ್ರೆ ಭಿಕ್ಷೆ ಕಣಮ್ಮ. ಒಟ್ಟಿಗೆ ಕೇಳಿದ್ರೆ ವ್ಯಾಪಾರ" ಎಂದರು. ಭಾಷಣದ ದನಿಯಲ್ಲಲ್ಲ, ಆಯಾ ತಂದುಕೊಟ್ಟ ಬೆಲ್ಲದ ಕಾಫಿ ಆರಿಸಿಕೊಳ್ಳುತ್ತಾ. ಈ ಮಾತನ್ನು ಅವರು ಅದಾಗಲೇ ಎಷ್ಟೋ ಬೆಂಚುಗಳ ಮೇಲೆ ಕೂತು ಹೇಳಿ ಸುಸ್ತಾಗಿದ್ದರು ಎಂದು ನನಗೆ ಆಮೇಲೆ ತಿಳಿಯಿತು.

ಅವರ ಯೋಚನೆ ಸರಳವಾಗಿತ್ತು. ನಮ್ಮಂಥ ಸಣ್ಣ ಆಸ್ಪತ್ರೆಗಳೆಲ್ಲ ಸೇರಿ ಒಂದೇ ಬೇಡಿಕೆ ಮಾಡುವುದು, ಎರಡು ಮೂರು ವ್ಯಾಪಾರಿಗಳ ಹತ್ತಿರ ರೇಟು ಕೇಳಿ ಒಂದೇ ಕಡೆ ಕೊಳ್ಳುವುದು, ಮಾಲು ಬಂದ ಮೇಲೆ ಹಂಚಿಕೊಳ್ಳುವುದು. ಹೇಳುವುದಕ್ಕೆ ಸುಲಭ. ಮಡಿಕೇರಿಯಲ್ಲಿ ಅನುಮತಿ ಕೇಳಲು ಹೋದರೆ ಹೀಗೆ ಮಾಡಬಹುದೆಂದು ನಿಯಮ ಎಲ್ಲಿದೆ ಎಂದರು ಅಲ್ಲಿನ ಅಧಿಕಾರಿಗಳು. ಮಾಡಬಾರದೆಂದು ಎಲ್ಲಿದೆ ಎಂದು ಇವರು ಕೇಳಿದರು. ಈ ಮಾತಿಗಾಗಿ ಅವರು ಆ ವರ್ಷ ಮಡಿಕೇರಿಗೆ ಎಷ್ಟು ಸಲ ಅಲೆದರೋ. ಬಸ್ಸು ಹತ್ತಿದ ಕೂಡಲೇ ನಿದ್ದೆ ಹೋಗುವುದು, ಇಳಿಯುವ ಜಾಗ ಬಂದಾಗ ತಾನಾಗೇ ಎಚ್ಚರವಾಗುವುದು ಅವರಿಗೆ ಆಗಲೇ ಅಭ್ಯಾಸವಾಗಿದ್ದು. ಕೊನೆಗೆ, "ಮಾಡಿಕೊಳ್ಳಿ, ಏನಾದರೂ ಆದರೆ ನಿಮ್ಮ ತಲೆಗೆ" ಎಂಬ ಮಾತು ಸಿಕ್ಕಿತು. ಅದನ್ನೇ ಅವರು ಅನುಮತಿ ಎಂದುಕೊಂಡರು.

ನಮ್ಮನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ಕಕ್ಕಬೆಯ ಕಡೆಯ ಡಾಕ್ಟರು ಕೊಡವರು, ಸೈನ್ಯದಲ್ಲಿದ್ದು ಬಂದವರು, ನೇರ ಮಾತಿನವರು. ಅವರಿಗೆ ಇಂಥದೇ ಕಂಪನಿಯ ಕೆಮ್ಮಿನ ಔಷಧ ಆಗಬೇಕು.

"ಅಲ್ಲ ಮಾರಾಯ್ರೆ, ನಮ್ಮ ಬೆಟ್ಟದ ಜನರಿಗೆ ಎಂತ ಬೇಕು ಅಂತ ಆ ತುದಿಯಲ್ಲಿ ಕೂತು ನೀವು ಹೇಗೆ ಹೇಳ್ತೀರಿ?" ಎಂದು ಅವರು ಕೇಳಿದರು.

"ಕೆಮ್ಮಿಗೆ ಕಂಪ್ನಿ ಹೆಸ್ರು ಗೊತ್ತಾಗತ್ತಾ ಡಾಕ್ಟ್ರೇ?" ಎಂದರು ದೊಡ್ಡ ಡಾಕ್ಟರು. ಎಲ್ಲರೂ ನಕ್ಕರು. ಕೇಳಿದವರು ಮಾತ್ರ ನಗಲಿಲ್ಲ. ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತಿದ್ದರು.

ಕಕ್ಕಬೆ ಡಾಕ್ಟರು ಸೇರಿಕೊಂಡರು, ಗೊಣಗುತ್ತಲೇ.

ಮೈಸೂರಿನಿಂದ ಲಾರಿ ಬರುವುದಕ್ಕೆ ಎಲ್ಲರಿಗೂ ನಡುವೆ ಆಗುವುದು ನಮ್ಮ ಡಿಸ್ಪೆನ್ಸರಿ. ಹಾಗಾಗಿ ಪೆಟ್ಟಿಗೆಗಳು ನಮ್ಮ ಜಗಲಿಗೆ ಬಂದು ಬೀಳುತ್ತಿದ್ದವು. ತಂಪಿನಲ್ಲಿ ಇಡಬೇಕಾದ ಚುಚ್ಚುಮದ್ದು ಮಾತ್ರ ದೊಡ್ಡ ಡಾಕ್ಟರ ಆಸ್ಪತ್ರೆಗೆ ಹೋಗುತ್ತಿತ್ತು. ಅವರ ಊರಿನ ಒಬ್ಬ ಸಾಹುಕಾರರು, ಅಕ್ಕಿ ಮತ್ತು ಕಾಫಿ ವ್ಯಾಪಾರದವರು, ಆ ಆಸ್ಪತ್ರೆಗೆ ಸೀಮೆಎಣ್ಣೆಯಲ್ಲಿ ನಡೆಯುವ ಒಂದು ಫ್ರಿಜ್ಜು ಕೊಡಿಸಿದ್ದರು. ಆ ಸುತ್ತಿನಲ್ಲಿ ಅಂಥದು ಇನ್ನೊಂದು ಇರಲಿಲ್ಲ. ಹಂಚುವ ನಿಯಮವನ್ನು ಮೊದಲ ದಿನವೇ ದೊಡ್ಡ ಡಾಕ್ಟರು ಹೇಳಿಬಿಟ್ಟರು. ಯಾರಿಗೆ ಕಷ್ಟ ಹೆಚ್ಚೋ ಅವರಿಗೆ ಮೊದಲು. ಹಂಚುವವರ ಪಾಲು ಕೊನೆಗೆ. ಹಂಚುವವರು ಅವರೇ ಆದ್ದರಿಂದ ಅದಕ್ಕೆ ಯಾರೂ ಎದುರಾಡಲಿಲ್ಲ.

ಎರಡನೆಯ ಸಲದ ಮಾಲಿನಲ್ಲಿ ಹತ್ತಿ ತೇವವಾಗಿತ್ತು. ಪೆಟ್ಟಿಗೆಯೊಳಗೆ ಕೈಯಿಟ್ಟು ನೋಡಿದವರು, ಕೈಯನ್ನು ಕೋಟಿಗೆ ಒರೆಸಿಕೊಂಡು, "ಎಲ್ಲಾ ವಾಪಸ್ ಹತ್ಸಿ" ಎಂದರು. ಲಾರಿಯವನು ಗೊಣಗಿದ. ನಮ್ಮ ಕಂಪೌಂಡರು ನನ್ನ ಹತ್ತಿರ ಬಂದು ಮೆಲ್ಲಗೆ, "ಡಾಕ್ಟ್ರಮ್ಮ, ನಮ್ಮಲ್ಲಿ ಒಂದು ಚೂರು ಹತ್ತಿ ಇಲ್ಲೆ. ನಾಳೆ ಎಂತ ಮಾಡ್ದು?" ಎಂದರು. ಅದನ್ನೇ ನಾನು ದೊಡ್ಡ ಡಾಕ್ಟರಿಗೆ ಹೇಳಿದೆ. ಬಿಸಿಲಿಗೆ ಒಣಗಿಸಿ ಬೇಯಿಸಿಕೊಂಡರೆ ಆಗದೇ ಎಂದೂ ಕೇಳಿದೆ.

"ಆಗತ್ತೆ. ಇವತ್ತು ಇಟ್ಕಂಡ್ರೆ ಇನ್ನು ಮುಂದೆ ಇಂಥದೇ ಬರತ್ತೆ" ಎಂದರು. ಪೆಟ್ಟಿಗೆಯ ಮುಚ್ಚಳ ಮುಚ್ಚುತ್ತಾ, "ನಂಗೂ ಇಲ್ಲ" ಎಂದು ಸೇರಿಸಿದರು.

ಹೊಸ ಹತ್ತಿ ಬರುವವರೆಗೆ ನಾವೆಲ್ಲ ಹಳೆಯ ಪಂಚೆ, ಸೀರೆಗಳನ್ನು ಕುದಿಸಿ ಹರಿದು ಗಾಯ ಕಟ್ಟಿದೆವು. ಆಯಾ ಆ ದಿನಗಳಲ್ಲಿ ಅವರಿಗೆ ಹಾಕಿದ ಶಾಪಗಳನ್ನು ಇಲ್ಲಿ ಬರೆಯಲಾರೆ. ಆಮೇಲೆ ಬಂದ ಹತ್ತಿ ಬೆಳ್ಳಗೆ, ಒಣಗಿ, ಹಗುರವಾಗಿತ್ತು. ಆ ವ್ಯಾಪಾರಿಯ ಏಜೆಂಟನೂ ಜೊತೆಗೆ ಬಂದಿದ್ದ. ದೊಡ್ಡ ಡಾಕ್ಟರನ್ನು ಪಕ್ಕಕ್ಕೆ ಕರೆದು, ಅವರ ಆಸ್ಪತ್ರೆಗೆ ಮಾತ್ರ ಬೇರೆ ರೇಟು ಹಾಕಿಕೊಡುತ್ತೇನೆ, ಉಳಿದವರಿಗೆ ತಿಳಿಯುವುದು ಬೇಡ ಎಂದ. ಅವರು ಅವನನ್ನು ಕರೆದುಕೊಂಡು ನಮ್ಮೆಲ್ಲರ ನಡುವೆ ಬಂದು ನಿಂತು, "ಇಲ್ಲೇ ಹೇಳಪ್ಪ, ನಂಗೆ ಕಿವಿ ಸ್ವಲ್ಪ ಮಂದ" ಎಂದರು. ಕಿವಿ ಚೆನ್ನಾಗೇ ಇತ್ತು.

ಹೀಗೆ ಒಂದೆರಡು ವರ್ಷ ನಡೆಯಿತು. ಅವರು ಸುಲಭದ ಮನುಷ್ಯರಾಗಿರಲಿಲ್ಲ. ಹೇಳಿದ ಹೊತ್ತಿಗೆ ಬರದಿದ್ದರೆ ಮಾತು ಬಿಡುತ್ತಿದ್ದರು. ಹೊಗಳಿದರೆ ಸಿಡುಕುತ್ತಿದ್ದರು. ಹಂಚಿ ಮುಗಿದ ಮೇಲೆ ಬೂಟು ಬಿಚ್ಚಿ, ಖಾಲಿ ಪೆಟ್ಟಿಗೆಯ ಮೇಲೆ ಕಾಲು ಚಾಚಿ, ಮನೆಯಿಂದ ತಂದ ಅಕ್ಕಿರೊಟ್ಟಿ ತಿನ್ನುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಮುಂದಿನ ವರ್ಷ ಹಾಗೆ ಮಾಡೋಣ ಹೀಗೆ ಮಾಡೋಣ ಎಂದರೆ, "ಇದು ಅರಗ್ಲಿ ಮೊದ್ಲು" ಎನ್ನುತ್ತಿದ್ದರು.

ಹಾಗಿರುವಾಗ ಒಂದು ಮಳೆಗಾಲದಲ್ಲಿ ನಮ್ಮ ಹತ್ತಿರದ ಒಂದು ಎಸ್ಟೇಟಿನ ಲೈನುಗಳಲ್ಲಿ, ಕೂಲಿಯವರ ಸಾಲುಮನೆಗಳಲ್ಲಿ, ಗಂಟಲಮಾರಿ ಬಂತು. ಮಕ್ಕಳ ಗಂಟಲಲ್ಲಿ ಬೂದು ಪೊರೆ ಕಟ್ಟಿ ಉಸಿರು ಮುಚ್ಚಿಸುವ ಕಾಯಿಲೆ. ಅದಕ್ಕೆ ಕೊಡುವ ಸೀರಮ್ಮನ್ನು ನಾವು ಒಟ್ಟಾಗಿ ತರಿಸಿದ್ದೆವು. ಆದರೆ ಕೇಳಿದಷ್ಟು ಬಂದಿರಲಿಲ್ಲ. ಎಲ್ಲ ಕಡೆಯೂ ಬೇಡಿಕೆ ಇತ್ತಂತೆ. ಬಂದಷ್ಟೂ ದೊಡ್ಡ ಡಾಕ್ಟರ ಫ್ರಿಜ್ಜಿನಲ್ಲಿತ್ತು. ನಾನು ಹೇಳಿ ಕಳಿಸಿದ ಮಾರನೆಯ ದಿನ ಅವರೇ ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದರು.

ಲೆಕ್ಕ ನೋಡಿದೆ. ಎಲ್ಲವನ್ನೂ ತಂದಿದ್ದರು.

"ನಿಮಗೆ ಒಂದೂ ಇಟ್ಟುಕೊಳ್ಳಲಿಲ್ಲವಾ ಸಾರ್?" ಎಂದೆ.

"ನಮ್ಮಲ್ಲಿ ಕಾಯಿಲೆ ಇಲ್ಲ. ಇಲ್ಲಿದೆ" ಎಂದರು. ಇಬ್ಬರೂ ಲೈನುಗಳಿಗೆ ನಡೆದೆವು. ಜಿಗಣೆ, ಕೆಸರು. ಒಂದೊಂದು ಕೋಣೆಯಲ್ಲೂ ಬಗ್ಗಿ ಹೊಕ್ಕು ಮಕ್ಕಳ ಬಾಯಿಗೆ ಟಾರ್ಚು ಬಿಟ್ಟು ನೋಡಿದೆವು. ತಮಿಳು ಮಾತಾಡುವ ತಾಯಂದಿರು, ಮಲಯಾಳ ಮಾತಾಡುವ ತಾಯಂದಿರು. ದೊಡ್ಡ ಡಾಕ್ಟರಿಗೆ ಎರಡೂ ಬರುತ್ತಿರಲಿಲ್ಲ. ಪ್ರತಿ ಮಗುವಿನ ಗಲ್ಲ ಹಿಡಿದು ತಾವೇ ದೊಡ್ಡದಾಗಿ ಬಾಯಿ ತೆರೆದು ತೋರಿಸುತ್ತಿದ್ದರು. ಸಂಜೆಯ ಬಸ್ಸಿಗೆ ಹೊರಟರು.

ಅವರು ಹೋದ ಕೆಲವು ದಿನಕ್ಕೆ ಒಂದು ಮಧ್ಯಾಹ್ನ ನಮ್ಮ ಡಿಸ್ಪೆನ್ಸರಿಯ ಮುಂದೆ ಜೀಪು ನಿಂತಿತು. ಅದು ಫ್ರಿಜ್ಜು ಕೊಡಿಸಿದ ಸಾಹುಕಾರರ ಜೀಪು. ಡ್ರೈವರ್ ಮಳೆಯಲ್ಲಿ ನೆನೆದು ತೊಪ್ಪೆಯಾಗಿದ್ದ. ಸಾಹುಕಾರರ ಮೊಮ್ಮಗನಿಗೆ ಗಂಟಲಮಾರಿ. ನಾಟಿ ಮದ್ದು ಮಾಡಿ, ಆಗದೆ, ಆ ಬೆಳಿಗ್ಗೆ ಆಸ್ಪತ್ರೆಗೆ ತಂದಿದ್ದರು.

"ದೊಡ್ಡ ಡಾಕ್ಟ್ರು ಹೇಳವ್ರೆ" ಎಂದ ಡ್ರೈವರ್, ಪಾಠ ಒಪ್ಪಿಸುವವನ ಹಾಗೆ. "ಸೀರಮ್ಮು ಇದ್ರೆ ಕೊಡಿ. ಅಲ್ಲಿ ಮಕ್ಳಿಗೆ ಬೇಕಾಗಿದ್ರೆ ಕೊಡಬ್ಯಾಡಿ. ನನ್ನ ಮುಖ ನೋಡಿ ಕೊಡಬ್ಯಾಡಿ ಅಂದವ್ರೆ."

ಆ ಹುಡುಗನನ್ನು ಅವನು ದಿನವೂ ಆಡಿಸುತ್ತಿದ್ದವನು. ಆದರೂ ಹೇಳಿದ ಮಾತಿನಲ್ಲಿ ಒಂದಕ್ಷರ ಬಿಡದೆ ಹೇಳಿದ.

ಕೊಡುವುದಕ್ಕೆ ನನ್ನ ಹತ್ತಿರ ಇರಲಿಲ್ಲ. ಅವರು ಬಿಟ್ಟುಹೋದ ಥರ್ಮಾಸಿನಲ್ಲಿದ್ದ ಕೊನೆಯದನ್ನು ಆ ಬೆಳಿಗ್ಗೆಯೇ ಲೈನಿನ ಒಂದು ಹೆಣ್ಣುಮಗುವಿಗೆ ಚುಚ್ಚಿದ್ದೆ. ಖಾಲಿ ಬಾಟಲಿ ಇನ್ನೂ ಮೇಜಿನ ಮೇಲೇ ಇತ್ತು; ಡ್ರೈವರ್ ಅದನ್ನೇ ನೋಡುತ್ತಾ ನಿಂತ. ನಾನು ಅವನನ್ನು ನೇರ ಮಡಿಕೇರಿಗೆ ಕಳಿಸಿದೆ. ಅಲ್ಲಿ ಸಿಕ್ಕಿತು. ತಿರುಗಿ ಬರುವಾಗ ದಾರಿಗೆ ಅಡ್ಡವಾಗಿ ಮರ ಬಿದ್ದಿತ್ತು. ಜನ ಸೇರಿಸಿ ಕಡಿಸಿ ದಾಟುವಷ್ಟರಲ್ಲಿ ಬಹಳ ತಡವಾಯಿತು. ಇತ್ತ ದೊಡ್ಡ ಡಾಕ್ಟರು ಮಗುವಿನ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ದಾರಿ ಕೊಟ್ಟಿದ್ದರಂತೆ, ಪಕ್ಕದಿಂದ ಏಳದೆ ಕಾದಿದ್ದರಂತೆ. ಜೀಪು ಊರು ಮುಟ್ಟುವ ಮೊದಲೇ ಮಗು ಹೋಗಿತ್ತು.

ಮಳೆ ಒಂದಿಷ್ಟು ಬಿಡುವು ಕೊಟ್ಟಾಗ ನಾನು ಅವರನ್ನು ನೋಡಲು ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅವರು ರೋಗಿಗಳನ್ನು ನೋಡುತ್ತಿದ್ದರು, ನಾನು ಪಕ್ಕದ ಕುರ್ಚಿಯಲ್ಲಿ ಕೂತೆ. ರೋಗಿಗಳು ಎಂದಿಗಿಂತ ಕಡಿಮೆ ಇದ್ದರು. ಊರಿನವರ ಔಷಧವನ್ನು ಎಸ್ಟೇಟಿನ ಲೈನಿಗೆ ಹೊತ್ತುಕೊಂಡು ಹೋಗಿ ಕೊಟ್ಟರು ಎಂಬ ಮಾತು ಅಲ್ಲೆಲ್ಲ ಹರಡಿತ್ತು.

ಆಗ ಸಾಹುಕಾರರು ಬಂದರು. ಎತ್ತರದ ಮುದುಕರು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೊಡೆ. ರೋಗಿಗಳೆಲ್ಲ ಎದ್ದು ನಿಂತರು. ದೊಡ್ಡ ಡಾಕ್ಟರೂ ಎದ್ದರು. ಬೈಗುಳ ಬರುತ್ತದೆಂದು ನಾನು ಕಾದೆ. ಬಂದಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತೇನೋ.

"ಆ ಕಡೆ ಮಕ್ಳು ಉಳ್ಕಂಡ್ವಾ ಡಾಕ್ಟ್ರೇ?" ಎಂದು ಸಾಹುಕಾರರು ಕೇಳಿದರು.

ದೊಡ್ಡ ಡಾಕ್ಟರು ನನ್ನ ಕಡೆ ನೋಡಿದರು. "ಉಳಿದವು" ಎಂದೆ ನಾನು. ಒಂದು ಮಗು ಹೋಗಿತ್ತು, ಸೀರಮ್ಮು ಬರುವ ಮೊದಲೇ. ಅದನ್ನೂ ಹೇಳಿದೆ. ಕೊಟ್ಟ ಮೇಲೆ ಯಾವುದೂ ಹೋಗಲಿಲ್ಲ ಎಂದೆ.

ಸಾಹುಕಾರರು ಬೆಂಚಿನ ಮೇಲೆ ಕೂತರು. ತುಂಬ ಹೊತ್ತು ಕೂತಿದ್ದರು. ಆಮೇಲೆ ಕೊಡೆ ಬಿಚ್ಚಿಕೊಂಡು ಹೊರಟುಹೋದರು. ಫ್ರಿಜ್ಜನ್ನು ವಾಪಸು ಕೇಳಲಿಲ್ಲ. ಸೀಮೆಎಣ್ಣೆಯನ್ನು ಅವರ ಅಂಗಡಿಯಿಂದಲೇ ಕಳಿಸುತ್ತಿದ್ದರು, ಅದೂ ನಿಲ್ಲಲಿಲ್ಲ. ದೊಡ್ಡ ಡಾಕ್ಟರ ಜೊತೆ ಮಾತ್ರ ಅವರು ಮತ್ತೆ ಮಾತಾಡಲಿಲ್ಲ.

ನಾನು ಬಸ್ಸಿಗೆ ಹೊರಟಾಗ ದೊಡ್ಡ ಡಾಕ್ಟರು ಬಾಗಿಲವರೆಗೆ ಬಂದರು. "ಬೈದಿದ್ರೆ ಉತ್ತರ ಇತ್ತು ನನ್ನತ್ರ" ಎಂದರು. ಅಷ್ಟೇ.

ಮುಂದಿನ ಸಲ ನಾವೆಲ್ಲ ಜಗಲಿಯಲ್ಲಿ ಸೇರಿದಾಗ ಪೆಟ್ಟಿಗೆ ಬಿಚ್ಚುವ ಮೊದಲು ಅವರು ನಿಂತುಕೊಂಡರು. ಯಾವಾಗಲೂ ಕೂತೇ ಮಾತಾಡುವವರು.

"ನಾನು ಮಾಡಿದ ಹಂಚಿಕೆ ತಪ್ಪು" ಎಂದರು. "ಕಾಯಿಲೆ ಇರೋ ಕಡೆ ಜಾಸ್ತಿ ಹೋಗ್ಬೇಕು, ಅದು ಸರಿ. ಎಲ್ಲಾ ಹೋಗಬಾರದು. ಇನ್ಮೇಲೆ ಯಾವ ಆಸ್ಪತ್ರೆನೂ ಪೂರ್ತಿ ಬರಿದು ಆಗೋ ಹಾಗಿಲ್ಲ. ಒಂದು ಮಗುವಿಗೆ ಆಗೋವಷ್ಟು ಎಲ್ಲರತ್ರಾನೂ ಇರ್ಬೇಕು. ಹಂಚೋನ ಹತ್ರಾನೂ."

ಕಕ್ಕಬೆ ಡಾಕ್ಟರು ತಲೆ ತಗ್ಗಿಸಿಕೊಂಡು ಕೂತಿದ್ದರು. "ನಮ್ಮಲ್ಲಿ ಯಾರು ಇದ್ರೂ ಹಾಗೇ ಮಾಡ್ತಿದ್ರು ಮಾರಾಯ್ರೆ" ಎಂದರು.

"ಮಾಡ್ತಿದ್ರು. ಆದ್ರೂ ತಪ್ಪೇ" ಎಂದು ದೊಡ್ಡ ಡಾಕ್ಟರು ಕೂತುಕೊಂಡರು. ಫ್ರಿಜ್ಜಿಲ್ಲದ ಕಡೆ ಸೀರಮ್ಮು ಕೆಡದಂತೆ ಇಡುವುದು ಹೇಗೆ ಎಂಬ ಮಾತು ಬಂತು. ಒದ್ದೆ ಮರಳಿನಲ್ಲಿ ಹೂತ ಮಡಕೆಯೊಳಗೆ ಸ್ವಲ್ಪ ದಿನ ಇಡಬಹುದು, ಆಮೇಲೆ ಫ್ರಿಜ್ಜಿನದಕ್ಕೆ ಬದಲಿಸಿಕೊಳ್ಳಬಹುದು ಎಂದು ಕಕ್ಕಬೆ ಡಾಕ್ಟರೇ ದಾರಿ ಹೇಳಿದರು. ಪ್ರತಿ ಬದಲಾವಣೆಗೂ ಅಷ್ಟು ದೂರದಿಂದ ಬಂದುಹೋಗುವ ಕೆಲಸವನ್ನೂ ತಾವೇ ವಹಿಸಿಕೊಂಡರು. ಗೊಣಗುತ್ತ ಸೇರಿದವರು ಅಂದಿನಿಂದ ಒಂದು ಸಲವೂ ಗೊಣಗಿದ್ದು ನಾನು ಕೇಳಲಿಲ್ಲ.

ದೊಡ್ಡ ಡಾಕ್ಟರ ಊರಿನ ಕೆಲವರು ಮೇಲಿನವರಿಗೆ ಅರ್ಜಿ ಹಾಕಿದರು. ವರ್ಷ ತುಂಬುವ ಮೊದಲೇ ಅವರಿಗೆ ಬಯಲುಸೀಮೆಗೆ ವರ್ಗವಾಯಿತು. ನಿವೃತ್ತಿ ಹತ್ತಿರವಿದ್ದವರನ್ನು ಹುಟ್ಟಿದ ಸೀಮೆಯಿಂದ ಎತ್ತಿ ಅಷ್ಟು ದೂರ ಹಾಕಿದ್ದರಿಂದ ನಮಗೆಲ್ಲ ನೋವಾಯಿತು. ನಾವು ಸೇರಿ ಒಂದು ಮನವಿ ಕೊಡೋಣವೇ ಎಂದು ಕೇಳಿದೆ.

"ಬೇಡ. ಔಷಧಕ್ಕೆ ಕೇಳೋಕೆ ಬಾಯಿ ಉಳಿಸ್ಕಳಿ" ಎಂದರು. ಆಮೇಲೆ, ಮರೆತಿದ್ದನ್ನು ನೆನಪಿಸಿಕೊಂಡವರ ಹಾಗೆ, "ಹಂಚೋದು ಇನ್ಮೇಲೆ ನೀವು ನೋಡ್ಕಳಿ ಡಾಕ್ಟ್ರಮ್ಮ" ಎಂದರು.

ನನಗೆ ವಯಸ್ಸಿಲ್ಲ, ಅನುಭವವಿಲ್ಲ, ಹಿರಿಯರು ನನ್ನ ಮಾತು ಕೇಳುವುದಿಲ್ಲ ಎಂದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ನಂಗೂ ಸಾಕಾಗಿದೆ ಕಣಮ್ಮ" ಎಂದರು. ನನ್ನ ನೆಪಗಳಿಗೆ ಅದಕ್ಕಿಂತ ದೊಡ್ಡ ಉತ್ತರ ಬೇರೆ ಇರಲಿಲ್ಲ. ಅಷ್ಟು ವರ್ಷದಲ್ಲಿ ಅವರು ತಮ್ಮ ದಣಿವನ್ನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.

ಅದಾದ ಮೇಲೆ ನಾನೂ ಊರೂರು ಸುತ್ತಿದೆ. ಹೊಸ ಜಾಗಕ್ಕೆ ಹೋದಾಗ ಮೊದಲ ವಾರದಲ್ಲೇ ಪಕ್ಕದ ಆಸ್ಪತ್ರೆಯ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಕೆಲವರಿಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು, ಕೆಲವರಿಗೆ ಅನುಮಾನ. ಇವಳಿಗೆ ನಮ್ಮ ಉಗ್ರಾಣದ ಮೇಲೆ ಕಣ್ಣು ಎಂದವರೂ ಇದ್ದರು. ಒಪ್ಪಿದವರು ಕಡಿಮೆ. ಒಪ್ಪಿದ ಕಡೆಯೂ ಜಗಳ, ತಕರಾರು, ತಿರುಗಿ ತಿರುಗಿ ಅದೇ ಮಾತು. ಎಷ್ಟೋ ಸಲ ಬಿಟ್ಟುಬಿಡೋಣ ಅನ್ನಿಸಿದೆ. ಎರಡು ಕಡೆ ಬಿಟ್ಟೂ ಬಿಟ್ಟೆ.

ಅವರು ತೀರಿಕೊಂಡ ಸುದ್ದಿ ಬಂದ ದಿನ ನಾನು ಇನ್ನೊಂದು ಜಿಲ್ಲೆಯಲ್ಲಿ, ಸುತ್ತಲಿನ ಆಸ್ಪತ್ರೆಗಳ ಡಾಕ್ಟರುಗಳ ಜೊತೆ ಕೂತು ಸಲೈನ್ ಬಾಟಲಿ ಹಂಚುತ್ತಿದ್ದೆ. ಕಕ್ಕಬೆ ಡಾಕ್ಟರು ಟ್ರಂಕ್ ಕಾಲ್ ಮಾಡಿದ್ದರು. "ದೊಡ್ಡ ಡಾಕ್ಟ್ರು ಹೋದ್ರು. ನಿಮಗೆ ಹೇಳ್ಬೇಕು ಅನ್ನಿಸ್ತು" ಎಂದರು. ಫೋನು ಇಟ್ಟು ಬಂದು ಕೂತೆ. ನಮ್ಮಲ್ಲೇ ಹಿರಿಯರೊಬ್ಬರು ತಮಗೆ ಕಡಿಮೆಯಾಯಿತೆಂದು ಜಗಳ ತೆಗೆದಿದ್ದರು. ಅವರ ಮಾತು ಮುಗಿಯುವವರೆಗೆ ಕೇಳಿದೆ. ಸರಿಪಡಿಸಬೇಕಾದ್ದನ್ನು ಸರಿಪಡಿಸಿದೆ. ಎಲ್ಲರೂ ಅವರವರ ಪೆಟ್ಟಿಗೆ ಹೊರಿಸಿಕೊಂಡು ಹೊರಟ ಮೇಲೆ ಬಂದು ಆಸ್ಪತ್ರೆಯ ಜೀಪಿನಲ್ಲಿ ಕೂತು ಅತ್ತೆ. ಡ್ರೈವರ್ ಗಾಡಿಯನ್ನು ನಿಧಾನವಾಗಿ ಬಿಟ್ಟ.